ಮುನಿಯಪ್ಪನವರ ಒಂಬತ್ತು

ಪಂಚಾಕ್ಷರಿಗೆ ಸಿಟ್ಟು ಬಂದರೆ ಬೈಯುವುದಿಲ್ಲ, ಕನ್ನಡಕ ತೆಗೆದು ಅಂಗಿಗೆ ಒರೆಸುತ್ತಾನೆ. ಅವತ್ತು ಒರೆಸೀ ಒರೆಸೀ ಗಾಜು ಸವೆಯುವುದೊಂದು ಬಾಕಿ.

ರಾಜಾಜಿನಗರದಲ್ಲಿ ಮುನಿಯಪ್ಪನವರದು ಪ್ಲಾಸ್ಟಿಕ್ ಅಚ್ಚು ಮಾಡುವ ಕಾರ್ಖಾನೆ. ಅಲ್ಲಿನ ಕಂಪ್ಯೂಟರುಗಳೆಲ್ಲ ಪಂಚಾಕ್ಷರಿಯ ತಲೆಗೇ. ಡ್ರಾಯಿಂಗ್ ಮಾಡುವ ಭುವನೇಶ್ವರಿ ಬಾಣಂತನ ಮುಗಿಸಿದ್ದಳು. ಕೂಸು ನೋಡಿಕೊಳ್ಳುವವರಿಲ್ಲ, ಕೆಂಗೇರಿ ಉಪನಗರದ ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದಿದ್ದಳು. "ಇವತ್ತು ಸಂಜೆಯೊಳಗೆ ಆಯಮ್ಮನ ಮನೇಲಿ ಫೈಲ್ ಓಪನ್ ಆಗ್ಬೇಕು. ಇಲ್ದಿದ್ರೆ ಬೇರೆಯವರನ್ನ ತಗೋತೀನಿ," ಎಂದು ಮುನಿಯಪ್ಪ ಹೇಳಿಬಿಟ್ಟಿದ್ದರು.

ಅವಳ ಮನೆಯಿಂದ ಆಫೀಸಿಗೆ ವಿಪಿಎನ್ ಅಂತ ಒಂದು ಖಾಸಗಿ ದಾರಿ ಹಾಕಿದ್ದಾಯಿತು. ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ ಹಾಳಾದ್ದು, ಆದರೆ ಸರ್ವರಿನ ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಫೈರ್‌ವಾಲ್ ತೆಗೆದ, ಪಾಸ್‌ವರ್ಡ್ ಬದಲಿಸಿದ, ಎಲ್ಲ ಆಫ್ ಮಾಡಿ ಆನ್ ಮಾಡಿಸಿದ. ಊಹೂಂ.

"ಮತ್ತ ಅದ ಎರರ್ ಬಂತ್ರಿ ಸರ," ಎಂದಳು ಭುವನೇಶ್ವರಿ ಫೋನಿನಲ್ಲಿ. ಹಿಂದೆ ಕೂಸು ಅಳುತ್ತಿತ್ತು. ಅವಳ ದನಿಯೂ ಅಳುವ ಹಾಗೇ ಇತ್ತು.

"ನಿಮ್ಮ ಕಂಪ್ಯೂಟರ್‌ದು ಐಪಿ ನಂಬರ್ ಓದಿ ಮೇಡಂ."

ಓದಿದಳು. ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ ಅದು; ನಡುವೆ ಒಂಬತ್ತು. ಪಂಚಾಕ್ಷರಿಯ ಕೈ ಕನ್ನಡಕಕ್ಕೆ ಹೋಯಿತು.

ಒಂಬತ್ತು ಮುನಿಯಪ್ಪನವರ ಅದೃಷ್ಟದ ಸಂಖ್ಯೆ. ಕಾರಿಗೆ ಒಂಬತ್ತು, ಮೊಬೈಲಿಗೆ ಒಂಬತ್ತು, ಹಟ ಹಿಡಿದು ಆಫೀಸಿನ ನೆಟ್‌ವರ್ಕಿಗೂ ಒಂಬತ್ತು ಹಾಕಿಸಿದ್ದರು. ಭುವನೇಶ್ವರಿಗೆ ಕೊಟ್ಟ ರೂಟರನ್ನಾದರೂ ಬಿಡಬಾರದೇ? ಅಂಗಡಿಯವನ ಹತ್ತಿರ ಅದಕ್ಕೂ ಒಂಬತ್ತನ್ನೇ ಹಾಕಿಸಿ, ಕುಂಕುಮ ಇಟ್ಟು ಕಳಿಸಿದ್ದರು, ಪುಣ್ಯಾತ್ಮರು. ಎರಡು ಕಡೆಯೂ ಒಂದೇ ನಂಬರ್ ಆದಮೇಲೆ ಅವಳ ಕಂಪ್ಯೂಟರ್ ರಾಜಾಜಿನಗರದ ಸರ್ವರನ್ನು ಕೆಂಗೇರಿಯ ಮನೆಯೊಳಗೇ ಹುಡುಕುತ್ತಿತ್ತು. ಹೇಗೆ ಸಿಗಬೇಕು?

"ರೂಟರ್ ಸೆಟ್ಟಿಂಗಲ್ಲಿ ಒಂಬತ್ತು ತೆಗೆದು ಎಂಟು ಹಾಕಿ," ಎಂದ.

"ಎಂಟಾ?" ಮುನಿಯಪ್ಪ ಬಾಗಿಲಲ್ಲೇ ನಿಂತಿದ್ದರು. "ಶನಿ ಸಂಖ್ಯೆ ಕಣಯ್ಯ ಅದು. ನನ್ನ ಕಂಪನಿ ಲೈನಲ್ಲಿ ಎಂಟು ಇರಕೂಡದು."

"ಒಂಬತ್ತಿದ್ರೆ ಫೈಲ್ ಬರಲ್ಲ ಸಾರ್."

"ಹಂಗಾದ್ರೆ ಬೇಡ ಬಿಡು. ಆಯಮ್ಮಂಗೆ ಕೆಲಸಕ್ಕೇ ಬರೋದು ಬೇಡ ಅಂತ ಹೇಳು."

ಇಂಥವರಿಗೆ ತಿಳಿಹೇಳುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ ಅನ್ನಿಸಿತು ಪಂಚಾಕ್ಷರಿಗೆ. ಫೋನಿನಲ್ಲಿ ಭುವನೇಶ್ವರಿ ಎಲ್ಲ ಕೇಳಿಸಿಕೊಂಡಿದ್ದಳು.

"ಹದಿನೆಂಟ ಹಾಕ್ತೀನಿ ಅಂತ ಹೇಳ್ರಿ ಸರ. ಒಂದು, ಎಂಟು ಕೂಡಿದ್ರ ಒಂಬತ್ತ ಆಗ್ತೈತಲ್ರಿ."

ಅವನು ಹೇಳಿದ. ಮುನಿಯಪ್ಪ ಬೆರಳು ಮಡಿಚಿ ಕೂಡಿ ನೋಡಿ, ತಲೆಯಾಡಿಸಿದರು. ಅವಳು ನಂಬರ್ ಬದಲಿಸಿ ಮತ್ತೆ ಕನೆಕ್ಟ್ ಮಾಡಿದಳು. ಫೋಲ್ಡರ್ ತೆರೆಯಿತು.

"ನೋಡಿದ್ಯಾ? ಸರಿಯಾಗಿ ಒಂಬತ್ತು ಕೂಡಿಬಂದ್ ಮೇಲೇ ಓಪನ್ ಆಯ್ತು," ಎಂದರು ಮುನಿಯಪ್ಪ.

ಪಂಚಾಕ್ಷರಿಗೆ ಮೈಯೆಲ್ಲ ಉರಿಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿಯೇಬಿಡೋಣವೆಂದು ಬಾಯಿ ತೆರೆದ.

"ಬ್ಯಾಡ್ರಿ ಸರ," ಎಂದಳು ಭುವನೇಶ್ವರಿ ಮೆಲ್ಲಗೆ. "ಹೌದು ಅಂದ್ಬಿಡ್ರಿ."

"ಹೌದು ಸಾರ್," ಎಂದ ಪಂಚಾಕ್ಷರಿ.