ರಮೀರೊ ಸಾರ್ ಬೂಟಿನ ಮಣ್ಣು

ರಮೀರೊ ಸಾರ್ ಬೂಟಿಗೆ ಅಂಟಿದ್ದ ಅವರೂರಿನ ಮಣ್ಣನ್ನು ತೊಳೆದುಹಾಕಿದವನು ನಾನೇ. ಈಗ ಅದರಲ್ಲಿರುವುದು ಮೆಕ್ಸಿಕೊದ ಮಣ್ಣಲ್ಲ, ನಮ್ಮ ಬೂದಿಗೆರೆ ಕೆರೆಯ ಗೋಡುಮಣ್ಣು. ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ — ಇನ್ನಾಗದು.

ನಾನು ಮುನಿರಾಜು, ಇಲ್ಲಿನ ಒಂದು ಫುಟ್‌ಬಾಲ್ ಶಾಲೆಯ ಮೈದಾನ ನೋಡಿಕೊಳ್ಳುವವನು. ಅಲ್ಲಿಗೆ ಕೋಚ್ ಆಗಿ ಬಂದಾಗ ಸಾರ್‌ಗೆ ಐವತ್ತು ದಾಟಿತ್ತು, ಎಡಗಾಲು ಎಳೆಯುತ್ತಿದ್ದರು. ಆಡಿದಷ್ಟು ವರ್ಷವೂ ತಮ್ಮೂರಿನ ಒಂದೇ ಸಣ್ಣ ಕ್ಲಬ್ಬಿಗೆ ಡಿಫೆಂಡರ್. ದೊಡ್ಡ ಕ್ಲಬ್ಬಿನವರು ಕರೆದರೂ ಹೋಗಲಿಲ್ಲ. ದೇಶದ ತಂಡಕ್ಕೆ ಒಮ್ಮೆ ಆಯ್ಕೆಯಾಗಿ, ಆಡಲು ಸಿಗದೆ, ಬೆಂಚಿನ ಮೇಲೆ ಕೂತು ವಾಪಸಾದರಂತೆ. ನಾನಾಗಿದ್ದರೆ ಸಾಯುವವರೆಗೂ ಬೈಯುತ್ತಿದ್ದೆ. ಅವರು ಮಕ್ಕಳಿಂದ ಕಲಿತ ಕನ್ನಡದಲ್ಲಿ, "ಬೆಂಚು ಚೆನ್ನಾಗಿತ್ತು ಮುನಿ, ಮೆತ್ತಗಿತ್ತು" ಎಂದು ನಗುತ್ತಿದ್ದರು. ಸೋತ ಮಕ್ಕಳ ಬೂಟಿನ ದಾರವನ್ನು, ಆ ನೋಯುವ ಮಂಡಿಯೂರಿ, ತಾವೇ ಬಿಚ್ಚುತ್ತಿದ್ದರು. ಅಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರು ಬಂದ ವರ್ಷದ ಆಯುಧಪೂಜೆ. ಹಿಂದಿನ ದಿನ ಅವರು ಮಂಡಿ ತೋರಿಸಲು ಬೆಂಗಳೂರಿಗೆ ಹೋಗಿದ್ದರು. ನಾನು ಹುಲ್ಲು ಕತ್ತರಿಸುವ ಯಂತ್ರ, ರೋಲರ್, ಪಂಪು ಎಲ್ಲ ತೊಳೆದೆ. ಕೊಳೆ ಕಂಡರೆ ನನಗೆ ಮೈ ಉರಿಯುತ್ತದೆ. ಎಲ್ಲರ ಆಯುಧಕ್ಕೂ ಪೂಜೆಯಾಗುವಾಗ ಸಾರ್ ಆಯುಧ ಬೇಡವೇ? ಅವರ ಕೋಣೆಯ ಬೀಗದಕೈ ನನ್ನ ಹತ್ತಿರವೇ ಇತ್ತು. ಬೀರುವಿನ ಮೇಲೆ ಪೇಪರಿನಲ್ಲಿ ಸುತ್ತಿಟ್ಟ ಹಳೇ ಬೂಟು — ತಳದ ತುಂಬ ಒಣಗಿದ ಕಪ್ಪು ಮಣ್ಣು. ಬಕೆಟ್ಟಿನಲ್ಲಿ ನೆನೆಸಿ ಉಜ್ಜಿದೆ... ಎಷ್ಟು ಸಂತೋಷದಿಂದ ಉಜ್ಜಿದೆನೋ!

ಅಡುಗೆಯ ಗೌರಮ್ಮ ನೋಡಿ ಎದೆ ಹಿಡಿದುಕೊಂಡಳು. "ಅಯ್ಯೋ ಮುನಿರಾಜಣ್ಣ, ಏನ್ ಮಾಡ್ಬಿಟ್ಟೆ! ಅದು ಸಾರ್ ಊರಿನ ಮಣ್ಣು ಕಣಣ್ಣಾ. ಅವರಮ್ಮನ ಮುಂದೆ ಕಡೇ ಆಟ ಆಡಿದ್ ಗ್ರೌಂಡಿಂದು. ಆ ಗ್ರೌಂಡೇ ಈಗಿಲ್ವಂತೆ, ಬಿಲ್ಡಿಂಗ್ ಕಟ್ಬಿಟ್ರಂತೆ."

ಬಕೆಟ್ಟಿನ ನೀರನ್ನು ನಾನು ಆಗಲೇ ಮೈದಾನದ ಹುಲ್ಲಿಗೆ ಚೆಲ್ಲಿದ್ದೆ.

ನಮ್ಮ ಮೈದಾನದ್ದು ಕೆಂಪು ಮಣ್ಣು. ಸೈಕಲ್ ಹತ್ತಿ ಕೆರೆಗೆ ಹೋಗಿ ಕಪ್ಪು ಗೋಡು ತಂದು ಮೆತ್ತಿದೆ, ಬಿಸಿಲಿಗಿಟ್ಟೆ, ಯಾರಿಗೂ ಹೇಳಬಾರದೆಂದು ಗೌರಮ್ಮನಿಂದ ಆಣೆ ಮಾಡಿಸಿಕೊಂಡೆ. ಮರುದಿನ ಕುಂಕುಮವಿಟ್ಟ ಬೂಟನ್ನು ಸಾರ್ ಎತ್ತಿ ತಳ ನೋಡಿದರು. "ಪೂಜೆ ಮಾಡಿದೀಯ, ಆದ್ರೂ ಮಣ್ಣು ತೊಳ್ದಿಲ್ಲ. ಥ್ಯಾಂಕ್ಸ್ ಮುನಿ" ಎಂದು ತಬ್ಬಿಕೊಂಡರು. ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ — "ಸಾರ್, ಕಾಫಿ ತರ್ಲಾ?" ಎಂದೆ.

ಆಮೇಲೆ ಪ್ರತಿ ವರ್ಷ ಹೊಸ ಮಕ್ಕಳಿಗೆ ಆ ಬೂಟು ತೋರಿಸಿ, "ಇದು ನಮ್ಮೂರ ಮಣ್ಣು" ಎನ್ನುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪೈಪು ಎಳೆದುಕೊಂಡು ಮೈದಾನದ ಆಚೆ ತುದಿಗೆ ಹೋಗುತ್ತಿದ್ದೆ.

ಹೋದ ತಿಂಗಳು ಅವರು ಊರಿಗೆ ಹೊರಟುಹೋದರು, ಇನ್ನು ಬರುವುದಿಲ್ಲ. ಹೊರಡುವಾಗ ಬೂಟಿನಿಂದ ಒಂದು ಹೆಂಟೆ ಎಬ್ಬಿಸಿ, ಪೇಪರಿನಲ್ಲಿ ಕಟ್ಟಿ ಕೊಟ್ಟರು. "ಅರ್ಧ ನಿಂಗೆ. ಕಾಪಾಡಿದೋನು ನೀನು." ಎರಡೂ ಕೈಯೊಡ್ಡಿ ತೆಗೆದುಕೊಂಡೆ. ತೆಗೆದುಕೊಂಡೆನಲ್ಲ...

ನವೆಂಬರಿನಲ್ಲಿ ಅವರ ಕಡೆ ಸತ್ತವರ ಹಬ್ಬವಂತೆ, ನಮ್ಮ ಪಿತೃಪಕ್ಷದ ಹಾಗೆ. ಉಳಿದ ಅರ್ಧವನ್ನು ತೀರಿಹೋದ ತಾಯಿಯ ಫೋಟೋ ಮುಂದೆ ಈ ಸಲ ಇಡುತ್ತಾರಂತೆ. ಆ ತಾಯಿಯ ಮುಂದೆಯೂ ನನ್ನ ಸುಳ್ಳು ಹೋಗಿ ಕೂರುವುದು ಬೇಡ. ಭಾನುವಾರ ಅವರು ಫೋನ್ ಮಾಡುತ್ತಾರೆ. "ಸಾರ್, ನಾನೇ ತೊಳೆದಿದ್ದು" ಎನ್ನುತ್ತೇನೆ. ನಿಮ್ಮೂರ ಮಣ್ಣು ಎಲ್ಲೂ ಹೋಗಿಲ್ಲ, ನೀವು ಮಕ್ಕಳಿಗೆ ಕಲಿಸಿದ ಮೈದಾನದಲ್ಲೇ ಬಿದ್ದಿದೆ ಎಂದು ಸಮಾಧಾನ ಹೇಳಲು ಬಾಯಿ ತುದಿಗೆ ಬರುತ್ತದೆ.

ಅದನ್ನು ಮಾತ್ರ ಹೇಳುವುದಿಲ್ಲ. ಅದರಿಂದ ಸಮಾಧಾನವಾಗುವುದು ನನಗೇ, ಅವರಿಗಲ್ಲ.