ಎಡಗಾಲಿಗೆ ಕೆಲಸವಿಲ್ಲದ ಟ್ರ್ಯಾಕ್ಟರ್

ರಾಣೆಬೆನ್ನೂರಿನಿಂದ ಹಲಗೇರಿ ಕಡೆ ಹೋಗುವಾಗ ರಸ್ತೆಯ ಪಕ್ಕಕ್ಕೆ ನೆರಳುಪರದೆ ಕಟ್ಟಿದ ತೋಟಗಳು ಕಾಣುತ್ತವಲ್ಲ, ಅಲ್ಲಿ ಬೆಳೆಯುವ ಟೊಮೆಟೊ, ಮೆಣಸಿನಕಾಯಿ ಯಾರ ಒಲೆಯ ಮುಂದಕ್ಕೂ ಹೋಗುವುದಿಲ್ಲ. ಎಲ್ಲ ಬೀಜಕ್ಕೆ. ಹೆಣ್ಣುಮಕ್ಕಳು ಸಾಲುಸಾಲಾಗಿ ಕೂತು ಒಂದು ಗಿಡದ ಹೂಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಮುಟ್ಟಿಸುತ್ತಾರೆ. ಅದಕ್ಕೆ ಅಲ್ಲಿಯವರು ಕ್ರಾಸಿಂಗ್ ಎನ್ನುತ್ತಾರೆ. ಹಂಗಾಮು ಆರೇಳು ವಾರ, ಅಷ್ಟೇ. ಅಂಥದೊಂದು ತೋಟ ಪ್ರಭುಲಿಂಗಪ್ಪ ಸಾವ್ಕಾರನದು. ಅಲ್ಲಿ ನೀರಿನ ವಾಲ್ವ್ ತಿರುಗಿಸುತ್ತ ಕೂತಿರುತ್ತಿದ್ದವನು ಮೈಲಾರಪ್ಪ.

ಕೂತಿರುತ್ತಿದ್ದ ಎಂದೆ. ಅದಕ್ಕೂ ಹಿಂದೆ ಇಪ್ಪತ್ತೆರಡು ವರ್ಷ ಅವನು ಟ್ರ್ಯಾಕ್ಟರ್ ಡ್ರೈವರ್. ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರ್ಕೆಟ್ ಯಾರ್ಡಿಗೆ ಹೋದರೆ, ಸರದಿ ಬರುವವರೆಗೆ ಟ್ರೇಲರಿನ ಕೆಳಗೇ ಉಂಡು ಅಲ್ಲೇ ಮಲಗುತ್ತಿದ್ದ. ಕೆಲಸ ಕಲಿತದ್ದೂ ಬ್ಯಾಡಗಿಯಲ್ಲೇ, ಕೊಟ್ರೇಶ ಮೇಸ್ತ್ರಿಯ ಗ್ಯಾರೇಜಿನಲ್ಲಿ. ಆಮೇಲೆ ಸಕ್ಕರೆ ಕಾಯಿಲೆ ಬಂತು, ಎಡಪಾದದಲ್ಲಿ ಒಂದು ಗಾಯವಾಯಿತು, ಮಾಯಲಿಲ್ಲ. ಮೊಳಕಾಲಿನ ಕೆಳಗೆ ಕಾಲು ತೆಗೆದರು. ಹುಸಿಗಾಲು ಹಾಕಿಕೊಂಡು ನಡೆಯಬಹುದಿತ್ತು, ಕ್ಲಚ್ ಹದವಾಗಿ ಬಿಡಲು ಮಾತ್ರ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೂ ಡ್ರೈವರ್ ಗೇರ್ ಹಾಕಿದಾಗಲೆಲ್ಲ ಅವನ ಇಲ್ಲದ ಕಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು.

ಹೀಗಿರುವಾಗ ಪ್ರಭುಲಿಂಗಪ್ಪ ಹುಬ್ಬಳ್ಳಿ ಕಡೆ ಮುಚ್ಚಿಹೋದ ಒಂದು ರೆಸಾರ್ಟಿನಿಂದ ಹಳೆಯ ಟ್ರ್ಯಾಕ್ಟರ್ ತಂದ. ಕರುವಿನಷ್ಟು ಎತ್ತರ, ಗಿಡದ ಸಾಲಿನ ನಡುವೆ ತೂರುವಷ್ಟು ಅಗಲ. ಅದಕ್ಕೆ ಕ್ಲಚ್ ಇಲ್ಲ, ಮೇಲಿಂದ ಮೇಲೆ ಬದಲಿಸುವ ಗೇರೂ ಇಲ್ಲ. ಒತ್ತಡದ ಎಣ್ಣೆಯೇ ಗಾಲಿ ತಿರುಗಿಸುತ್ತದೆ. ಬಲಗಾಲಿಗೆ ಎರಡು ಪೆಡಲು: ಒಂದು ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ಹಿಂದೆ. ಎಷ್ಟು ಒತ್ತಿದರೆ ಅಷ್ಟು ಓಟ. ಕಾಲೆತ್ತಿದರೆ ತಾನೇ ನಿಲ್ಲಬೇಕು. ಎಡಕ್ಕಿರುವುದು ಬ್ರೇಕ್ ಒಂದೇ. ತೋಟದ ಗಂಡಸರು ಒಬ್ಬೊಬ್ಬರಾಗಿ ಹತ್ತಿ ನೋಡಿದರು. ಕ್ಲಚ್ ಎಂದುಕೊಂಡು ಎಡಗಾಲಿನಿಂದ ಬ್ರೇಕನ್ನೇ ತುಳಿದು ಸ್ಟೇರಿಂಗಿಗೆ ಎದೆ ಬಡಿಸಿಕೊಂಡು ಇಳಿದರು. ಕೊನೆಗೆ ಮೈಲಾರಪ್ಪ ಹತ್ತಿದ. ಒಂದು ಸಾಲು ಹೋಗಿ ತಿರುಗಿಸಿಕೊಂಡು ಬಂದ. ತುಳಿಯಲು ಅವನಿಗೆ ಎಡಗಾಲೇ ಇರಲಿಲ್ಲ.

ಅಂದಿನಿಂದ ಸೀಟು ಅವನದಾಯಿತು. ಎರಡು ವರ್ಷದ ಮೇಲೆ ಮೊದಲ ಸಲ ಗಂಡ ಉಣ್ಣುವಾಗ ಮಾತಾಡಿದ ಎಂದು ಅವನ ಹೆಂಡತಿ ಬಸವಣ್ಣೆವ್ವ ಕ್ರಾಸಿಂಗ್ ಸಾಲಿನಲ್ಲಿ ಪಕ್ಕದವಳಿಗೆ ಹೇಳಿಕೊಂಡಳು. ಆ ಪಕ್ಕದವಳು ಸುಗರಾಬಿ, ಯಾರನ್ನೂ ನಗಿಸದೆ ಬಿಡದ ಹೆಂಗಸು.

ಗಾಡಿಗೆ ಒಂದು ಚಾಳಿಯಿತ್ತು. ಕಾಲೆತ್ತಿದ ಮೇಲೂ ಒಂದು ಗೇಣು ಮುಂದಕ್ಕೆ ತೆವಳುತ್ತಿತ್ತು.

"ಮೈಲಾರಣ್ಣ, ನಿನ್ನ ಗಾಡಿಗೆ ನನ್ನ ಮ್ಯಾಲ ಮನಸಾಗೇತಿ. ಎಲ್ಲಿ ಕುಂತರೂ ಹಿಂದ ಬರತೈತಿ," ಎಂದಳು ಸುಗರಾಬಿ. ಸಾಲಿಗೆ ಸಾಲೇ ನಕ್ಕಿತು.

ಅವನು ನಗಲಿಲ್ಲ. ಉಳಿದವರಿಗೆ ಗಾಡಿ ತೆವಳಿದರೆ ಎಡಗಾಲು ಬ್ರೇಕಿನ ಮೇಲೆ ಹೋಗುತ್ತದೆ. ಅವನು ತೊಡೆಯನ್ನು ಕೈಯಿಂದ ಎತ್ತಿ ಹುಸಿಗಾಲನ್ನು ಪೆಡಲಿನ ಮೇಲಿಡಬೇಕು. ಕಾಲೆತ್ತಿದಾಗ ಗಾಡಿ ನಿಲ್ಲುವುದೇ ಅವನ ಬ್ರೇಕು.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಹೋದ. ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಹಿಂದಿನೆರಡು ಗಾಲಿಗಳನ್ನು ನೆಲ ಬಿಟ್ಟು ಎತ್ತಿ ನಿಲ್ಲಿಸಿದ. ಸೀಟಿನ ಮೇಲೆ ಯಾರಾದರೂ ಕೂರದಿದ್ದರೆ ಆ ಗಾಡಿಯ ಎಂಜಿನ್ ನಿಂತುಬಿಡುತ್ತದೆ. ಅದಕ್ಕೆ ಬಸವಣ್ಣೆವ್ವನನ್ನು ಹತ್ತಿಸಿ, ಯಾವ ಪೆಡಲಿಗೂ ತಾಕದಂತೆ ಚಕ್ಕಳಮಕ್ಕಳ ಹಾಕಿ ಕೂರಿಸಿ ಎಂಜಿನ್ ಚಾಲೂ ಮಾಡಿದ. ತಾನು ಕೆಳಗೆ ಮಲಗಿ, ಪೆಡಲನ್ನು ಎಣ್ಣೆಪಂಪಿಗೆ ಜೋಡಿಸುವ ಸರಳಿನ ನಟ್ಟು ಸಡಿಲಿಸಿದ. ಒಂದು ಕಡೆ ತಿರುಗಿಸಿದರೆ ಗಾಲಿ ಮುಂದಕ್ಕೆ ಹೊರಡುತ್ತಿತ್ತು, ಅಲ್ಲಿಗೊಂದು ಗುರುತು. ಇನ್ನೊಂದು ಕಡೆ ತಿರುಗಿಸಿದರೆ ಹಿಂದಕ್ಕೆ, ಅಲ್ಲಿಗೊಂದು. ಎರಡರ ನಟ್ಟನಡುವೆ ಬಿಗಿ ಮಾಡಿದ. ಗುರುತಿಗೆ ಸುಗರಾಬಿಯ ಕೆಂಪು ಉಗುರುಬಣ್ಣ ಬೇಡಿ ತಂದಿದ್ದ.

ಇದನ್ನೆಲ್ಲ ಅವನು ಗಾಡಿ ಕಾಯುವ ಮೊದಲೇ ಮಾಡಿದ. ಬಿಸಿ ಗಾಡಿಯ ನಟ್ಟಿಗೆ ಪಾನಾ ಹಚ್ಚಬಾರದು ಎಂಬುದು ಕೊಟ್ರೇಶ ಮೇಸ್ತ್ರಿ ತಲೆಗೆ ಮೊಟಕಿ ಕಲಿಸಿದ ಮೊದಲ ಪಾಠ.

ನಾಲ್ಕು ದಿನ ಗಾಡಿ ಹೇಳಿದಂತೆ ಕೇಳಿತು. ಆ ದಿನಗಳಲ್ಲಿ ಅದಕ್ಕೆ ಬೆಳಗಿನ ಹೊತ್ತು ಒಂದೆರಡು ತಿರುವಿನ ಕೆಲಸ ಮಾತ್ರ ಇತ್ತು. ಗುರುವಾರ ಹುಳಕ್ಕೆ ಔಷಧ ಹೊಡೆಯುವುದಿತ್ತು. ಬಿಸಿಲಿನಲ್ಲಿ ಮೂರು ತಾಸು ಎಡೆಬಿಡದೆ ಓಡಿಸಿ, ಸಾಲಿನ ತುದಿಗೆ ಬಂದು ಮೈಲಾರಪ್ಪ ಕಾಲೆತ್ತಿದ. ಗಾಡಿ ದಾಟಿಹೋಯಿತೆಂದು ಹಿಂದೆ ಮಣೆಯ ಮೇಲೆ ಸುಗರಾಬಿ ಒಂದು ಕಾಲನ್ನು ದಾರಿಗೆ ಚಾಚಿ, ಹೂವಿನ ಮೇಲೆ ಕಣ್ಣಿಟ್ಟು ಕೂತಿದ್ದಳು. ಗಾಡಿ ಹಿಂದಕ್ಕೆ ತೆವಳಿತು. ಅವನು ತೊಡೆಗೆ ಕೈ ಹಾಕಿದ, ಎತ್ತಿದ, ಹುಸಿಗಾಲು ಪೆಡಲಿನ ಅಂಚಿಗೆ ಬಡಿದು ಜಾರಿತು. ಮತ್ತೆ ಎತ್ತುವಷ್ಟರಲ್ಲಿ ಗಾಲಿ ಅವಳ ಪಾದದ ಮೇಲೆ ಹತ್ತಿತ್ತು.

ಎರಡು ಎಲುಬು ಮುರಿದಿದ್ದವು. ಆರು ವಾರ ಪ್ಲಾಸ್ಟರ್ ಎಂದರು. ಸುಗರಾಬಿಯ ಆ ವರ್ಷದ ಹಂಗಾಮು ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಪ್ರಭುಲಿಂಗಪ್ಪ ತಾನೇ ಗಾಡಿ ಹತ್ತಿ, ಹತ್ತು ಸಲ ಓಡಿಸಿ ಹತ್ತು ಸಲ ಕಾಲೆತ್ತಿದ. ಹತ್ತೂ ಸಲ ಕೂದಲೆಳೆಯಷ್ಟೂ ಅಲ್ಲಾಡದೆ ನಿಂತಿತು. ಕೆಟ್ಟ ಮನುಷ್ಯನಲ್ಲ ಅವನು. ಮೆಲ್ಲಗೆ ಹೇಳಿದ, "ಗಾಡಿ ನೆಟ್ಟಗ ಐತಿ ಮೈಲಾರಪ್ಪ. ನಿನ್ನ ಬಲಗಾಲು ಒಮ್ಮೆ ಡಾಕ್ಟರಿಗೆ ತೋರಿಸ್ಕೋ."

ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮಳೆಗಾಲದಿಂದಲೂ ಬಲಗಾಲಿನ ಹೆಬ್ಬೆರಳು ಆಗಾಗ ಜೋಮು ಹಿಡಿಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿಯ ಕೈಗೆ ಸೂಜಿ ಕೊಟ್ಟು ಕಣ್ಣು ಮುಚ್ಚಿದ. ಬಸವಣ್ಣೆವ್ವ ಅಂಗಾಲಿಗೆ ಹತ್ತು ಸಲ ಚುಚ್ಚಿದಳು. ಏಳು ಸಲ ಹೂಂ ಎಂದ. ಉಳಿದ ಮೂರನ್ನು ಅವಳು ಹೇಳದೆ ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡಳು. ಆದರೆ ಅವನು ಅವಳ ಮುಖ ನೋಡಿದ್ದ. ಕಾಲೆತ್ತಿದ್ದು ಖರೇನೋ, ಎತ್ತಿದೆ ಎಂದುಕೊಂಡದ್ದೋ? ಅವನಿಗೇ ಗೊತ್ತಾಗದಾಯಿತು.

ಎರಡು ದಿನ ವಾಲ್ವಿನ ಪಕ್ಕ ಕೂತು ಅದನ್ನೇ ಯೋಚಿಸಿದ. ಹೊಂದಿಸಿದ್ದು ಬೆಳಿಗ್ಗೆ. ಸಾವ್ಕಾರರು ನೋಡಿದ್ದೂ ಬೆಳಿಗ್ಗೆ. ತೆವಳಿದ್ದು ಮಾತ್ರ ಮಧ್ಯಾಹ್ನ, ಗಾಡಿಯ ಮೈಯೆಲ್ಲ ಕಾದ ಮೇಲೆ. ಹೋಗಿ ಒಂದು ಮಧ್ಯಾಹ್ನದ ಮಟ್ಟಿಗೆ ಗಾಡಿ ಕೇಳಿದ.

ಎರಡು ತಾಸು ಬಯಲಲ್ಲಿ ಓಡಿಸಿ, ಹಿಂದಿನ ಗಾಲಿ ಎತ್ತಿ, ಬಸವಣ್ಣೆವ್ವನನ್ನು ಮತ್ತೆ ಹಾಗೆಯೇ ಕೂರಿಸಿದ. ಕಾಲು ಮಡಚಿ ಕೂತ ಹೆಂಗಸು, ಪೆಡಲಿನ ಮೇಲೆ ನೆರಳು ಬಿಟ್ಟರೆ ಏನೂ ಇಲ್ಲ. ಆದರೂ ಗಾಲಿ ಹಿಂದಕ್ಕೆ, ದನ ಮೆಲುಕು ಹಾಕುವಷ್ಟು ನಿಧಾನವಾಗಿ, ತಿರುಗತೊಡಗಿತು.

"ಏನ್ರಿ, ನಿಮ್ಮ ಕಾಲಲ್ಲ ಇದು," ಎಂದಳು ಅವಳು. ಕಣ್ಣಲ್ಲಿ ನೀರು ಬಂತು.

ಅವನು ಕೆಳಗೆ ಮಲಗಿ ಸರಳನ್ನು ನೋಡಿದ. ಉಗುರುಬಣ್ಣದ ಗುರುತು ಇಟ್ಟಲ್ಲೇ ಇತ್ತು. ನಟ್ಟು ಸಡಿಲಾಗಿರಲಿಲ್ಲ. ಆರಿದ ಎಣ್ಣೆ ದಪ್ಪ, ಕಾದ ಎಣ್ಣೆ ತೆಳು. ಆರಿದಾಗ ಹಿಡಿದ ನಡು ಕಾದಾಗ ನಡುವಲ್ಲ. ಈ ಗಾಡಿಗೆ ಪಾನಾ ಹಚ್ಚಬೇಕಾದ್ದು ಬಿಸಿಯಿದ್ದಾಗಲೇ. ಮೇಸ್ತ್ರಿಯ ಪಾಠ ಸುಳ್ಳಲ್ಲ, ಅದು ಬೇರೆ ಗಾಡಿಯ ಪಾಠ. ಕಾಲು ತಪ್ಪಿರಲಿಲ್ಲ, ಇಪ್ಪತ್ತೆರಡು ವರ್ಷ ನಂಬಿದ ಕೈ ತಪ್ಪಿತ್ತು.

ಬಿಸಿ ಇರುವಾಗಲೇ ಕೈ ಹಾಕಿದ. ಮುಂಗೈ ಸುಟ್ಟು ಬೊಬ್ಬೆಯೆದ್ದಿತು. ಹೊಸ ನಡು ಹಿಡಿದು ಬಿಗಿ ಮಾಡಿದ. ಗಾಲಿ ನಿಂತಿತು.

ನಟ್ಟು ತಾನೇ ಸಡಿಲಾಗಿತ್ತು ಎಂದು ಹೇಳಿಬಿಡಿ, ಗುರುತು ಒರೆಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಬಸವಣ್ಣೆವ್ವ ದಾರಿಯುದ್ದಕ್ಕೂ ಬೇಡಿಕೊಂಡಳು. ಅದೇ ಮಾತನ್ನು ಸುಗರಾಬಿಯ ಮುಂದೆಯೂ ಹೇಳಬೇಕಾಗುತ್ತದಲ್ಲ ಎಂದ ಮೈಲಾರಪ್ಪ. ನೇರ ಸಾವ್ಕಾರನ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಒಪ್ಪಿಸಿದ.

ಪ್ರಭುಲಿಂಗಪ್ಪ ಅವನ ಮುಂಗೈಯ ಬೊಬ್ಬೆ ನೋಡಿ ಹೇಳಿದ, "ಅಂದ್ರ ಕಾಲಿನ ತಪ್ಪಲ್ಲ, ಕೈ ತಪ್ಪು. ಇದನ್ನ ಕೇಳಿ ನಾ ಹೆಂಗ ಸಮಾಧಾನ ಆಗ್ಲಿ, ಹೇಳು. ಗಾಡಿ ತೆವಳಿದ್ದು ಖರೇ. ಆದ್ರ ಎಡಗಾಲು ಇದ್ದಾವ ಬ್ರೇಕ್ ಹಾಕ್ತಿದ್ದ."

ಮೈಲಾರಪ್ಪ ಗಾಡಿಯ ಕೀಲಿ ತೆಗೆದು ಸಾವ್ಕಾರನ ಮುಂದಿಟ್ಟ.

ಸುಗರಾಬಿಯ ಮನೆಗೂ ಹೋದ. ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅವಳು ಪೂರಾ ಕೇಳಿದಳು. ಆಮೇಲೆ, "ಈಗ ನಾವಿಬ್ಬರೂ ಕೂಡಿದ್ರ ಒಬ್ಬ ಮನಷ್ಯಾಗೆ ಸಾಕಾಗುವಷ್ಟು ಕಾಲು," ಎಂದಳು. ತಾನೇ ನಗಲು ಹೋಗಿ ಅರ್ಧಕ್ಕೆ ಬಿಟ್ಟಳು. ಚಹಾ ಕುಡಿದು ಹೋಗು ಎನ್ನಲಿಲ್ಲ.

ವಾರದ ಮೇಲೆ ಕುಮಾರಪಟ್ಟಣದಿಂದ ಹೊಸ ಡ್ರೈವರ್ ಬಂದ, ಮೈಲೇಶ ಎಂಬವನು. ಕಲಿಸುವ ಕೆಲಸ ಮೈಲಾರಪ್ಪನಿಗೇ ಬಂತು. ಪೆಡಲು ತೋರಿಸಿದ, ಕೆಂಪು ಗುರುತು ತೋರಿಸಿದ, ಕಾದ ಮೇಲೆಯೇ ಹೊಂದಿಸಬೇಕೆಂದು ಮುಂಗೈಯ ಕಲೆ ಮುಂದೆ ಹಿಡಿದು ಎರಡು ಸಲ ಹೇಳಿದ. ಬಿಸಿಲಿನಲ್ಲಿ ಮೂರು ತಾಸು ಓಡಿಸಿ ಮೈಲೇಶ ಕಾಲೆತ್ತಿದ. ಗಾಡಿ ಕಟ್ಟಿಹಾಕಿದ ಎತ್ತಿನಂತೆ ನಿಂತಿತು.

"ಕಾಕಾ, ಎಲ್ಲಾ ತಿಳೀತು. ಈ ಎಡಗಾಲು ಎಲ್ಲಿ ಇಟ್ಕೊಳ್ಲಿ? ಸುಮ್ನ ಇದ್ದು ಇದ್ದು ಜೋಮು ಹಿಡೀತೈತಿ."

ಮೈಲಾರಪ್ಪ ಆ ಕಾಲನ್ನು ನೋಡಿದ. ಬ್ರೇಕಿನ ಪಕ್ಕದಲ್ಲಿ, ಚಪ್ಪಲಿ ಬಿಟ್ಟು, ಬೆರಳಾಡಿಸುತ್ತ ಇತ್ತು.

"ಅಲ್ಲೇ ಇರ್ಲಿ," ಎಂದು ಹೇಳಿ, ನೀರು ತಿರುಗಿಸುವ ಹೊತ್ತಾಯಿತೆಂದು ವಾಲ್ವಿನ ಕಡೆ ನಡೆದ.