ಒರೆಸು ಮೇಷ್ಟ್ರು

ಗೋಡೆಗೆ, ತಟ್ಟೆಗೆ, ಹಳೆಯ ಪೆಟ್ಟಿಗೆಗೆ ಅಚ್ಚಿಟ್ಟು ಹೂಬಳ್ಳಿ ಬಿಡಿಸುವುದನ್ನು ಮನೆಯ ಮುಂಗೋಣೆಯಲ್ಲೇ ಕಲಿಸುತ್ತಿದ್ದ ಆ ಮನುಷ್ಯನಿಗೆ, ಕಲಿಯಲು ಬರುವ ಹೆಂಗಸರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಒರೆಸು ಮೇಷ್ಟ್ರು. ಹೆಸರು ಸುಮ್ಮನೆ ಬಂದದ್ದಲ್ಲ. ಬಳ್ಳಿಯ ಬಲಗಡೆಯ ಎಲೆ ಮುಗಿದ ಮೇಲೆ, ಎಡಗಡೆಯ ಎಲೆಗೆ, ಎಲೆಯಾಕಾರ ಕತ್ತರಿಸಿ ತೆಗೆದ ಅದೇ ಅಚ್ಚಿನ ಹಾಳೆಯನ್ನು ಮಗುಚಿ ಇಡಬೇಕು. ಆಗ ಹಸಿ ಬಣ್ಣವಿದ್ದ ಮೈ ಗೋಡೆಗೆ ತಾಗುತ್ತದೆ. ಒರೆಸದೆ ಮಗುಚಿದರೆ ಕಲೆ ಗ್ಯಾರಂಟಿ. ಯಾರ ಕೈ ಹಾಳೆಯ ಅಂಚಿಗೆ ಹೋದರೂ ಮೇಷ್ಟ್ರು ಇದ್ದಲ್ಲಿಂದಲೇ "ಒರೆಸು" ಎನ್ನುತ್ತಿದ್ದರು. ಬಚ್ಚಲಲ್ಲಿದ್ದರೂ ಅಷ್ಟೇ.

ಜೊತೆಯಲ್ಲೇ ಬಳ್ಳಿ ಬಿಡಿಸುತ್ತಿದ್ದ ಹೆಂಡತಿಗಂತೂ ಮೂವತ್ತೊಂದು ವರ್ಷ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಒಮ್ಮೆ ರೇಗಿ, "ನಾನು ಸತ್ರೆ ನನ್ನನ್ನೂ ಒರೆಸಿಯೇ ಕಳಿಸ್ತೀರಿ ನೀವು" ಎಂದಿದ್ದಳು. ಅವರು ನಕ್ಕಿರಲಿಲ್ಲ. ಕೆಲಸದ ಹೊತ್ತಿನಲ್ಲಿ ನಗುವ ಜಾತಿಯೇ ಅಲ್ಲ ಅದು.

ಲಕ್ವ ಹೊಡೆದು ಮೇಷ್ಟ್ರು ಹಾಸಿಗೆ ಹಿಡಿದು ಈಗ ಮೂರು ತಿಂಗಳು. ಬಾಯಿಂದ ಒಂದೇ ಒಂದು ಮಾತಿಲ್ಲ. ಇಷ್ಟವಾದದ್ದನ್ನು ಕಣ್ಣೆದುರು ಇಡಿ, ಮಾತು ಬಂದರೂ ಬಂದೀತು ಎಂದು ಡಾಕ್ಟರು ಹೇಳಿದ್ದೇ ತಡ, ಅವಳು ಹಾಸಿಗೆಯೆದುರಿನ ಬಿಳಿ ಗೋಡೆಗೆ ಬಳ್ಳಿ ಬಿಡಿಸಲು ನಿಂತಳು. ನಾಲ್ಕು ದಿನ ಅಚ್ಚುಕಟ್ಟಾಗಿ ಬಿಡಿಸಿದಳು. ಅವರು ಸುಮ್ಮನೆ ನೋಡಿದರು. ಐದನೆಯ ದಿನ ಅವಳಿಗೆ ಹೊಳೆಯಿತು: ತಪ್ಪಿಲ್ಲದ ಕೆಲಸಕ್ಕೆ ಈ ಮನುಷ್ಯ ಯಾವತ್ತು ಬಾಯಿ ಬಿಟ್ಟಿದ್ದಾರೆ?

ಅಂದಿನಿಂದ ಬೇಕೆಂದೇ ಒರೆಸದೆ ಮಗುಚಿದಳು. ಹಸಿರು ಬಣ್ಣ ಎಲೆಯಾಚೆಗೆಲ್ಲ ಮೆತ್ತಿಕೊಂಡಿತು. ತಿರುಗಿ ನೋಡಿದಳು. ಊಹೂಂ. ಕುಂಚಕ್ಕೆ ಇನ್ನಷ್ಟು ಬಣ್ಣ ಅದ್ದಿ ಮತ್ತೆ ಮಗುಚಿದಳು. ವಾರ ಕಳೆಯುವಷ್ಟರಲ್ಲಿ ಗೋಡೆಯನ್ನು ಕಣ್ಣೆತ್ತಿ ನೋಡುವಂತಿರಲಿಲ್ಲ. ಅಮ್ಮನಿಗೆ ತಲೆ ಕೆಟ್ಟಿದೆಯೆಂದು ಮಗಳು ಕುಂಚ ಕಿತ್ತುಕೊಳ್ಳಲು ಬಂದಳು. "ಬಿಡೇ, ನಾನು ಬೈಸ್ಕೋಬೇಕು" ಎಂದು ಇವಳು ಕೊಡಲಿಲ್ಲ. ಒಂದೇ ಒಂದು ಸಲ ಗದರಿಬಿಟ್ಟರೆ ಸಾಕಿತ್ತು, ತನ್ನ ಗಂಡ ತನಗೆ ಸಿಕ್ಕಂತೆಯೇ. ಇಲ್ಲದಿದ್ದರೆ ಹಾಸಿಗೆಯಲ್ಲಿ ಮಲಗಿರುವುದು ಯಾರು? ಆ ಪ್ರಶ್ನೆ ಬಂದಾಗಲೆಲ್ಲ ಅವಳು ಮತ್ತೆ ಕುಂಚ ಅದ್ದುತ್ತಿದ್ದಳು.

ಒಂದು ಮಧ್ಯಾಹ್ನ ಹಾಳೆ ಕೈಜಾರಿ, ಇಡೀ ಸಾಲನ್ನು ಸಾರಿಸಿಕೊಂಡು ಕೆಳಗೆ ಬಿತ್ತು. ಹಿಂದೆ ಗಂಟಲು ಕ್ಯಾಕರಿಸಿದ ಸದ್ದಾಯಿತು. ಅವಳು ತಟ್ಟನೆ ತಿರುಗಿದಳು. ಮೇಷ್ಟ್ರ ಸೊಟ್ಟ ತುಟಿ ಅಲ್ಲಾಡುತ್ತಿತ್ತು.

"ಚೆನ್ನಾಗಿದೆ" ಎಂದರು.

ಮಗಳು ಓಡಿಬಂದಳು. ಅಪ್ಪ ಮಾತಾಡಿದ್ರು ಎನ್ನುತ್ತಾ ಅತ್ತಳು, ನಕ್ಕಳು, ಡಾಕ್ಟರಿಗೆ ಫೋನ್ ಹಚ್ಚಿದಳು. ಹೆಂಡತಿ ನಿಂತಲ್ಲಿಂದ ಅಲುಗಲಿಲ್ಲ. ಇಷ್ಟು ದಿನ ಮಾತಿಗಾಗಿ ಹಂಬಲಿಸಿದವಳಿಗೆ, ಅವರು ಸುಮ್ಮನಿದ್ದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಎಲ್ಲಕ್ಕಿಂತ ಕೆಟ್ಟ ಕಲೆಯ ಮೇಲೆ ಬೆರಳಿಟ್ಟಳು.

"ರೀ, ಇಲ್ಲಿ ನೋಡಿ. ಸರಿಯಾಗಿ ನೋಡಿ ಹೇಳಿ."

ಅವರು ನೋಡಿದರು. ಮೂವತ್ತೊಂದು ವರ್ಷದಲ್ಲಿ ಅವಳ ಕೆಲಸಕ್ಕೆ ಒಮ್ಮೆಯೂ ಆಡದಿದ್ದ ಆ ಮಾತನ್ನು, ಮಗುವಿನಂತೆ ನಗುತ್ತಾ, ಇನ್ನೊಮ್ಮೆ ಆಡಿದರು.